ಸಂಬಲ್‌ಪುರದಿಂದ ತಲ್ಲೂರಿಗೆ ಖಾಲಿ ಟ್ರೇಲರ್

ತಲ್ಲೂರಿನ ಸುಗುಣ ಮೀನಿನ ಟೆಂಪೋ ಓಡಿಸುವವಳು. ಬೆಳಿಗ್ಗೆ ಗಂಗೊಳ್ಳಿ ಬಂದರಿನಲ್ಲಿ ಮೀನು ತುಂಬಿಸಿಕೊಂಡು ಬೈಂದೂರು, ಶಿರೂರು ಕಡೆಯ ಅಂಗಡಿಗಳಿಗೆ ಹಾಕಿ ಬರುವುದು ಅವಳ ಕೆಲಸ. ಮದುವೆಗೆ ಮೊದಲು ಮುಂಬಯಿಯಲ್ಲಿ ಚಿಕ್ಕಮ್ಮನ ಜೊತೆ ಮೀನು ಮಾರಿದವಳಾದ್ದರಿಂದ ಹಿಂದಿ ಬರುತ್ತದೆ, ಜೋರಾಗಿಯೇ ಬರುತ್ತದೆ. ಗಂಡ ಶೇಖರನದು ಉದ್ದದ ಟ್ರೇಲರ್ ಲಾರಿ. ಸ್ವಂತದ್ದು. ಕೊಳ್ಳುವಾಗಲೇ ಸುಗುಣಳ ಹೆಸರಿನಲ್ಲಿ ಕೊಂಡದ್ದು. ಕಬ್ಬಿಣ, ಯಂತ್ರ, ಏನು ಸಿಕ್ಕಿದರೆ ಅದನ್ನು ಹೇರಿಕೊಂಡು ಅವನು ಒರಿಸ್ಸಾ, ಛತ್ತೀಸಗಢ ಎಂದು ತಿಂಗಳುಗಟ್ಟಲೆ ತಿರುಗುತ್ತಿದ್ದ.

ಮಳೆಗಾಲದಲ್ಲಿ ದೋಣಿಗಳೆಲ್ಲ ದಡ ಸೇರಿ ಸುಗುಣಳಿಗೂ ಕೆಲಸವಿಲ್ಲದಾಗ ಶೇಖರ ಲಾರಿಯನ್ನು ಊರಿಗೆ ತರುತ್ತಿದ್ದ. ಅಂಥದೊಂದು ಮಳೆಗಾಲದಲ್ಲಿ ಅವಳನ್ನು ಸ್ಟೇರಿಂಗಿನ ಮುಂದೆ ಕೂರಿಸಿ, "ನಿಂಗ್ ಇದ್ನೂ ಓಡ್ಸುಕ್ ಆತ್ತಾ ಕಾಂಬ" ಎಂದ. ತಮಾಷೆಗೆ ಶುರುವಾದ ಪಾಠ ಹೆವಿ ಲೈಸೆನ್ಸಿನವರೆಗೆ ಹೋಯಿತು. ಆ ಲೈಸೆನ್ಸು ಯಾವತ್ತಾದರೂ ಬೇಕಾದೀತೆಂದು ಇಬ್ಬರಿಗೂ ಅನ್ನಿಸಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಸಂಬಲ್‌ಪುರದ ಹೊರಗಿನ ಒಂದು ಲಾರಿ ಯಾರ್ಡಿನಲ್ಲಿ ಲೋಡ್ ಇಳಿಸಿ ಮಲಗಿದ ಶೇಖರ ಮತ್ತೆ ಏಳಲಿಲ್ಲ. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರಂತೆ. ಅವನ ತಮ್ಮ ಸುಧೀರ್ ಓಡಿ ಹೋಗಿ ದೇಹವನ್ನು ವಿಮಾನದಲ್ಲಿ ತಂದ. ಲಾರಿ ಅಲ್ಲೇ ಉಳಿಯಿತು.

ಕಾರ್ಯಗಳೆಲ್ಲ ಮುಗಿದ ಮೇಲೆ ಲಾರಿಯ ಮಾತು ಬಂತು. ಸುಧೀರ್ ಕೋಟದಲ್ಲಿ ಕ್ಯಾಂಟೀನು ಇಟ್ಟುಕೊಂಡವನು. ಅವನಿಗೆ ಅತ್ತಿಗೆಯ ಮೇಲೆ ಗೌರವ, ಸ್ವಲ್ಪ ಹೆದರಿಕೆಯೂ.

"ಒಬ್ಬ ಡ್ರೈವರನ್ನ ಕಳ್ಸುವ ಅತ್ತಿಗಿ. ಇಲ್ದಿದ್ರೆ ಅಲ್ಲೇ ಮಾರುವ. ನೀವ್ ಎಂತಕ್ ಹೋಪ್ದ್ ಅಷ್ಟ್ ದೂರ?"

"ಅವ್ರ್ ಹಾಸ್ಗಿ, ಅವ್ರ್ ಪಾತ್ರ ಎಲ್ಲ ಅದ್ರೊಳ್ಗೇ ಇತ್ತ್," ಎಂದಳು ಸುಗುಣ. "ಗುರ್ತಿಲ್ದವ್ರ್ ಅದ್ರಗ್ ಮನ್ಕಂಡ್ ಬಪ್ದ್ ಬ್ಯಾಡ. ನಾನೇ ತಕಂಡ್ ಬತ್ತೆ."

ಅವಳಿಗೆ ಇನ್ನೂ ಒಂದು ಕೆಲಸವಿತ್ತು. ಶೇಖರ ದಿನಾ ಸಂಜೆ ಫೋನ್ ಮಾಡುತ್ತಿದ್ದ. ಮಾಡಿದರೆ ಬೇಗ ಇಡುವವನಲ್ಲ. ದಾರಿಯಲ್ಲಿ ತನಗಿರುವ ಸ್ನೇಹಿತರ ಕತೆಗಳೇ ಅದರಲ್ಲಿ ಹೆಚ್ಚು. ರಾಯ್‌ಪುರ ದಾಟಿದ ಮೇಲಿನ ಧಾಬಾದ ಬಲ್ಬೀರ್ ಸಿಂಗ್ ಬೇಡವೆಂದರೂ ರೊಟ್ಟಿಯ ಮೇಲೆ ತುಪ್ಪ ಸುರಿಯುತ್ತಾನೆ. ವರ್ಧಾದ ಹತ್ತಿರ ಚಹಾ ಮಾರುವ ಶಾಂತಾತಾಯಿ ತನ್ನ ಮಗಳ ಸಂಸಾರದ ಕಷ್ಟವನ್ನೆಲ್ಲ ಇವನ ಹತ್ತಿರ ಹೇಳಿಕೊಳ್ಳುತ್ತಾಳೆ. ಸೋಲಾಪುರದ ಪಂಕ್ಚರ್ ಅಂಗಡಿಯ ಯೂಸುಫ್ ಇಸ್ಪೀಟಿನಲ್ಲಿ ಮೋಸ ಮಾಡುತ್ತಾನೆ. ಸುಗುಣಳಿಗೂ ಮಗಳು ದಿವ್ಯಾಳಿಗೂ ಇವರೆಲ್ಲ ನೆಂಟರಷ್ಟೇ ಪರಿಚಯ. ಕೊರೊನಾ ಕಾಲದಲ್ಲಿ ಬಲ್ಬೀರನ ಗತಿ ಏನಾಯಿತೋ ಎಂದು ಇಬ್ಬರೂ ಚಿಂತೆ ಮಾಡಿದ್ದರು. ಒಂದು ಸಲ ಸುಗುಣ ಅವನಿಗಾಗಿ ಒಣ ಸಿಗಡಿ ಚಟ್ನಿ ಮಾಡಿ ಬಾಟಲಿಯಲ್ಲಿ ತುಂಬಿ ಕಳಿಸಿದ್ದಳು. ಅವನು ಬೆರಳು ನೆಕ್ಕಿಕೊಂಡು ತಿಂದನೆಂದು ಶೇಖರ ಫೋನಿನಲ್ಲಿ ಹೇಳಿ ನಕ್ಕಿದ್ದ. ಇವರಿಗೆಲ್ಲ ಸುದ್ದಿ ಮುಟ್ಟಿಸುವವರು ಯಾರು?

ಸುಧೀರ್ ಜೊತೆಗೆ ಹೊರಟ. ಇಬ್ಬರೂ ರೈಲಿನಲ್ಲಿ ಸಂಬಲ್‌ಪುರಕ್ಕೆ ಹೋದರು. ಯಾರ್ಡಿನ ಧೂಳಿನಲ್ಲಿ ಲಾರಿ ನಿಂತಿತ್ತು. ಸುಗುಣ ಹತ್ತಿ ಬಾಗಿಲು ಹಾಕಿಕೊಂಡಳು. ಸೀಟಿನ ಹಿಂದೆ ಮಡಚಿದ ಹಾಸಿಗೆ, ಒಂದು ಸ್ಟೌ, ಒಂದು ತಟ್ಟೆ, ಒಂದು ಲೋಟ. ಕನ್ನಡಿಯ ಪಕ್ಕ ದಿವ್ಯಾಳ ಶಾಲೆಯ ಕಾಲದ ಫೋಟೋ. ಸೀಟು ಅವನ ಕಾಲಳತೆಗೆ ಹಿಂದೆ ಸರಿದಿತ್ತು. ಅದನ್ನು ಮುಂದಕ್ಕೆ ಎಳೆದುಕೊಳ್ಳಲು ಅವಳಿಗೆ ಬಹಳ ಹೊತ್ತು ಮನಸ್ಸಾಗಲಿಲ್ಲ. ಸುಧೀರ್ ಕೆಳಗೆ ನಿಂತು ಕಾದ.

ಖಾಲಿ ಟ್ರೇಲರ್ ಓಡಿಸುವುದು ಲೋಡಿನದಕ್ಕಿಂತ ಕಷ್ಟ. ಹಿಂದೆ ಭಾರವಿಲ್ಲದ್ದರಿಂದ ಹೊಂಡ ಕಂಡಲ್ಲೆಲ್ಲ ಕುಣಿಯುತ್ತದೆ, ಬ್ರೇಕು ಒತ್ತಿದರೆ ಬಾಲ ಪಕ್ಕಕ್ಕೆ ಎಳೆಯುತ್ತದೆ. ಮೊದಲ ದಿನ ಸುಗುಣ ಎತ್ತಿನ ಗಾಡಿಯ ಹಾಗೆ ಓಡಿಸಿದಳು. ಆದರೂ ಸುಧೀರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ವಾಂತಿ ಮಾಡುತ್ತಲೇ ಇದ್ದ. ರಾಯ್‌ಪುರಕ್ಕೆ ಬರುವಷ್ಟರಲ್ಲಿ ಅವನಿಗೆ ಜ್ವರವೂ ಬಂತು.

"ನಿನ್ನನ್ನ ರೈಲ್ ಹತ್ಸ್ತೆ ಸುಧೀರ," ಎಂದಳು ಸುಗುಣ.

"ನಿಮ್ಮನ್ ಒಬ್ರನ್ನೇ ಬಿಟ್ಟ್ ಹೋರೆ ಜನ ನನ್ನ ಎಂತ ಹೇಳುದಿಲ್ಲ?"

"ಜನ ಇಲ್ಲಿಲ್ಲ. ನೀ ಹೋಯ್ ಮನ್ಕೋ."

ಹಾಗೆ ಅಲ್ಲಿಂದ ಮುಂದೆ ಅವಳೊಬ್ಬಳೇ ಆದಳು.

ಬಲ್ಬೀರ್ ಧಾಬಾ ಹುಡುಕುವುದು ಕಷ್ಟವಾಗಲಿಲ್ಲ. ರಸ್ತೆ ಬದಿಗೆ ದೊಡ್ಡ ಬೋರ್ಡು ಇತ್ತು. ಸುಗುಣ ಲಾರಿ ನಿಲ್ಲಿಸಿ, ಸೀರೆ ಸರಿಮಾಡಿಕೊಂಡು, ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಹಿಂದಿಗೆ ಹೊಂದಿಸಿಕೊಂಡು ಒಳಗೆ ಹೋದಳು. ಗಲ್ಲಾದಲ್ಲಿ ಮೂವತ್ತರ ಆಸುಪಾಸಿನವನೊಬ್ಬ ಕೂತಿದ್ದ. ಬಲ್ಬೀರ್ ಸಿಂಗರನ್ನು ನೋಡಬೇಕು ಎಂದಳು. ಅವನು ವಿಚಿತ್ರವಾಗಿ ನೋಡಿದ. ಬಲ್ಬೀರ್ ಸಿಂಗ್ ಅವನ ಅಜ್ಜ. ಈ ಮೊಮ್ಮಗ ಶಾಲೆಗೆ ಹೋಗುತ್ತಿದ್ದಾಗಲೇ ತೀರಿಕೊಂಡಿದ್ದರು.

ಸುಗುಣ ಫೋನಿನಲ್ಲಿದ್ದ ಗಂಡನ ಫೋಟೋ ತೋರಿಸಿದಳು. ಅವನು ಬಡಿಸುವವರನ್ನು ಕರೆದ. ಅವರಲ್ಲಿ ವಯಸ್ಸಾದವನೊಬ್ಬ ಫೋಟೋ ನೋಡಿ ತಲೆಯಾಡಿಸಿದ. ಕರ್ನಾಟಕದ ಗಾಡಿಯವರು, ಗೊತ್ತು ಎಂದ. ಕೊನೆಯ ಹಗ್ಗದ ಮಂಚದಲ್ಲಿ ರಸ್ತೆಗೆ ಮುಖ ಮಾಡಿ ಕೂರುತ್ತಿದ್ದರು. ದಾಲ್, ರೊಟ್ಟಿ. ಮಾತೇ ಇಲ್ಲ. ಉಂಡು ಗಾಡಿ ಹತ್ತಿಬಿಡುತ್ತಿದ್ದರು.

"ಒಂದು ಸಲ ಚಟ್ನಿ ತಂದುಕೊಟ್ಟಿದ್ದರಲ್ಲ, ಸಿಗಡಿಯದ್ದು?" ಎಂದು ಅವಳು ಕೇಳಿದಳು.

"ಇದು ಶಾಕಾಹಾರಿ ಧಾಬಾ, ಅಕ್ಕ," ಎಂದ ಅವನು. ನಗಲಿಲ್ಲ, ಮೆಲ್ಲಗೇ ಹೇಳಿದ.

ಅವಳು ಅದೇ ಮಂಚದಲ್ಲಿ ಕೂತು ದಾಲ್, ರೊಟ್ಟಿ ತರಿಸಿಕೊಂಡಳು. ಅರ್ಧವೂ ಸೇರಲಿಲ್ಲ. ಬೇರೆ ಧಾಬಾ ಇರಬೇಕು ಎಂದು ತನಗೇ ಹೇಳಿಕೊಂಡು ಹೊರಟಳು.

ನಾಗ್‌ಪುರದ ಹೊರಗೆ ಒಬ್ಬ ಬ್ರೋಕರ್ ಅಡ್ಡಹಾಕಿದ. ಹುಬ್ಬಳ್ಳಿಗೆ ಲೋಡಿದೆ, ಖಾಲಿ ಯಾಕೆ ಹೋಗುತ್ತೀರಿ ಎಂದ. ಬಾಡಿಗೆಗೆ ಹೊರಟ ಗಾಡಿಯಲ್ಲ, ನನ್ನ ಸ್ವಂತ ಕೆಲಸಕ್ಕೆ ಹೋಗುತ್ತಿದ್ದೇನೆ ಎಂದಳು. ಅವನಿಗೆ ಅರ್ಥವಾಗಲಿಲ್ಲ. ಮುಂದೆ ಚೆಕ್‌ಪೋಸ್ಟಿನವರಿಗೂ ಅರ್ಥವಾಗಲಿಲ್ಲ. ಒಬ್ಬ ಅಧಿಕಾರಿ ಟ್ರೇಲರಿನ ಸುತ್ತ ನಡೆದು, ಬಗ್ಗಿ ಅಡಿಭಾಗವನ್ನೂ ನೋಡಿ ಬಂದು ಕೇಳಿದ.

"ಏನು ಲೋಡು?"

"ಏನೂ ಇಲ್ಲ."

"ಸಂಬಲ್‌ಪುರದಿಂದ ಸಮುದ್ರದವರೆಗೆ ಇಷ್ಟು ಡೀಸೆಲ್ ಸುಟ್ಟುಕೊಂಡು ಖಾಲಿ ಗಾಡಿ ಯಾರು ಒಯ್ಯುತ್ತಾರೆ? ಯಾಕೆ?"

"ಮನೆಗೆ," ಎಂದಳು ಸುಗುಣ.

ಅವನು ಕಾಗದಗಳಲ್ಲಿದ್ದ ಹೆಸರನ್ನೂ ಅವಳ ಮುಖವನ್ನೂ ನೋಡಿದ. ಮತ್ತೇನೂ ಕೇಳದೆ ಬಿಟ್ಟ.

ವರ್ಧಾದ ಹತ್ತಿರ ಶೇಖರ ಹೇಳುತ್ತಿದ್ದ ಜಾಗದಲ್ಲಿ ಮೇಲ್ಸೇತುವೆ ಇತ್ತು. ಕೆಳಗೆ ಒಂದು ಪೆಟ್ರೋಲ್ ಬಂಕು. ಚಹಾ ಅಂಗಡಿ ಎಲ್ಲಿ ಎಂದು ಕೇಳಿದ್ದಕ್ಕೆ ಬಂಕಿನವನು ಕೈ ಆಡಿಸಿದ. ಇಲ್ಲಿ ಅಂಗಡಿಗಳ ಸಾಲೇ ಇತ್ತು, ಸೇತುವೆ ಕಟ್ಟುವಾಗ ಎಲ್ಲವನ್ನೂ ಎತ್ತಿಸಿದರು, ಅದಾಗಿ ಎಷ್ಟೋ ವರ್ಷವಾಯಿತು ಎಂದ. ಶಾಂತಾತಾಯಿ ಎಂಬವರು ಇದ್ದಿರಬಹುದು, ಎಲ್ಲಿಗೆ ಹೋದರೋ.

ಸುಗುಣ ಲಾರಿಯನ್ನು ಬದಿಗೆ ಹಾಕಿ ಕೂತಳು. ಶಾಂತಾತಾಯಿಯ ಮಗಳಿಗೆ ಹೆಣ್ಣು ಮಗು ಹುಟ್ಟಿದೆಯೆಂದೂ, ಏನು ಹೆಸರಿಡಲಿ ಎಂದು ತನ್ನನ್ನೇ ಕೇಳಿದಳೆಂದೂ ಶೇಖರ ಹೇಳಿದ್ದು ಹೋದ ದೀಪಾವಳಿಯ ಸಮಯದಲ್ಲಿ. ಅವತ್ತು ಅವಳೂ ದಿವ್ಯಾಳೂ ಕೂತು ಹೆಸರುಗಳನ್ನು ಹುಡುಕಿದ್ದರು. ದಿವ್ಯಾ ಹೇಳಿದ ಹೆಸರು ಶಾಂತಾತಾಯಿಗೆ ಬಹಳ ಇಷ್ಟವಾಯಿತೆಂದು ಮರುದಿನ ಶೇಖರ ಫೋನಿನಲ್ಲಿ ತಿಳಿಸಿದ್ದ.

ಸಂಜೆಯಾಯಿತು. ಲಾರಿಗಳು ಒಂದರ ಹಿಂದೆ ಒಂದು ಸದ್ದು ಮಾಡುತ್ತ ಹೋದವು. ಯಾವುದರ ಡ್ರೈವರನೂ ಇವಳ ಕಡೆ ನೋಡಲಿಲ್ಲ. ಸುಗುಣಳ ಕೈ ಫೋನಿನ ಮೇಲೆ ಹೋಯಿತು. ಅದು ಶೇಖರನ ಫೋನ್ ಬರುತ್ತಿದ್ದ ಹೊತ್ತು. ದಿವ್ಯಾ ಕುಂದಾಪುರದ ಲ್ಯಾಬಿನಲ್ಲಿ ಡ್ಯೂಟಿಯಲ್ಲಿರುತ್ತಾಳೆ. ಸುಧೀರ್ ರೈಲಿನಲ್ಲಿ ಮಲಗಿರುತ್ತಾನೆ. ಮತ್ತೆ ಯಾರಿಗೆ ಮಾಡುವುದು? ಊರಿನಲ್ಲಿ ಮಾತನಾಡಲು ಜನ ಬೇಕಷ್ಟಿದ್ದಾರೆ. ಆದರೆ ಇಂಥ ಕಡೆ ಕೂತು, ಇಂಥ ಹೊತ್ತಿನಲ್ಲಿ, ಹೇಳಲು ಏನೂ ಇಲ್ಲದಿದ್ದರೂ ಫೋನ್ ಮಾಡಬಹುದಾದವನು ಒಬ್ಬನೇ ಇದ್ದ. ಅವಳು ಸ್ಟೌ ಹಚ್ಚಿ ಗಂಜಿ ಬೇಯಿಸಿ ಆ ಒಂದೇ ತಟ್ಟೆಯಲ್ಲಿ ಉಂಡಳು. ಅವನ ಮೇಲೆ ಸಿಟ್ಟು ಬಂತು. ಬೈಯೋಣವೆಂದರೆ ಬೈಸಿಕೊಳ್ಳಲು ಅವನಿಲ್ಲ.

ಸೋಲಾಪುರದ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸುವ ಮನಸ್ಸೇ ಅವಳಿಗಿರಲಿಲ್ಲ. ಗೋಡೆಯ ಮೇಲೆ ಯೂಸುಫ್ ಎಂಬ ಹೆಸರು ದೊಡ್ಡದಾಗಿ ಬರೆದಿತ್ತು. ಅದನ್ನು ಓದಿಯೇ ಶೇಖರ ಹೆಸರು ಹೇಳಿದ್ದೆಂದು ಅವಳಿಗೆ ಈಗ ಗೊತ್ತು. ಆದರೂ ಕಾಲು ಬ್ರೇಕಿನ ಮೇಲೆ ಹೋಯಿತು.

ಬಿಳಿ ಗಡ್ಡದ ಮನುಷ್ಯನೊಬ್ಬ ಎದ್ದು ಬಂದು ಮೊದಲು ಲಾರಿಯನ್ನು ನೋಡಿದ, ಆಮೇಲೆ ಅವಳನ್ನು. ಅವಳು ಹಿಂದಿಯಲ್ಲಿ ಶುರುಮಾಡಿ, ನಡುವೆ ಶಬ್ದ ಸಿಗದೆ, "ಅಯ್ಯೋ ಹ್ಯಾಂಗ್ ಹೇಳುದ್" ಎಂದುಬಿಟ್ಟಳು.

"ಕನ್ನಡದಾಗ ಹೇಳ್ರಿ," ಎಂದ ಅವನು. "ನಮ್ಮ ಮನ್ಯಾಗೂ ಕನ್ನಡನ."

ಅವಳು ಹೇಳಿದಳು. ಯೂಸುಫ್ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಪಕ್ಕದ ಅಂಗಡಿಯಿಂದ ಚಹಾ ತಂದ.

"ನಿಮ್ಮ್ ಜೊತಿ ಇಸ್ಪೀಟ್ ಆಡ್ತಿದ್ರ್ ಅಂದ್ಹೇಳಿ ಹೇಳ್ತಿದ್ರ್," ಎಂದಳು ಸುಗುಣ.

"ಇಲ್ರೀ ಅಕ್ಕಾರ. ಅವರು ಕೆಳಗ ಇಳೀತಿದ್ದೇ ಇಲ್ಲ. ಗಾಳಿ ಚೆಕ್ ಮಾಡಸ್ತಿದ್ರು, ರೊಕ್ಕ ಕೊಡ್ತಿದ್ರು, ಮುಗೀತು. ನಾನೂ ಹಿಂದ್ಯಾಗ ಮಾತಾಡ್ತಿದ್ದೆ. ನನಗ ಕನ್ನಡ ಬರ್ತದಂತ ಅವರಿಗೆ ಗೊತ್ತಾಗಲೇ ಇಲ್ಲ."

ಸುಗುಣ ಚಹಾದ ಲೋಟ ಕೆಳಗಿಟ್ಟಳು.

"ಆದ್ರ ಒಂದ್ ಮಾತು," ಎಂದ ಯೂಸುಫ್. "ಸಂಜಿಮುಂದ ಇಲ್ಲಿ ಗಾಡಿ ಹಚ್ಚಿದಾಗ ಫೋನ್‌ನ್ಯಾಗ ಮಾತಾಡ್ತಿದ್ರು. ಏನ್ ನಗೋದ್ರೀ ಅದು. ನಮ್ಮ ಜೋಡಿ ತುಟಿ ಬಿಚ್ಚಲಾರದ ಮನಷ್ಯಾ ಅಷ್ಟ್ ಹೊತ್ತು ಯಾರ ಜೋಡಿ ನಗ್ತಾನ ಅಂತ ನಾವು ಮಾತಾಡ್ಕೋತಿದ್ವಿ. ನೀವೇ ಏನ್ರೀ ಅದು?"

"ನಾನೇ," ಎಂದಳು ಸುಗುಣ.

ಗಂಡ ಸತ್ತ ದಿನ, ದೇಹ ಬಂದ ದಿನ, ಜನರ ನಡುವೆ ಅವಳು ಅತ್ತಿದ್ದಳು. ಇಲ್ಲಿ ಅತ್ತದ್ದು ಬೇರೆ ಥರದ್ದು. ಯೂಸುಫ್ ಲಾರಿಯ ಕಡೆ ಹೋದ. ಎಲ್ಲ ಚಕ್ರಗಳ ಗಾಳಿ ನೋಡಿ, ಒಂದು ಟಯರು ಸವೆದಿದೆ, ಘಟ್ಟ ಇಳಿಯುವಾಗ ನಿಧಾನ ಎಂದು ಹೇಳಿ ಕಳಿಸಿದ.

ಅರಬೈಲು ಘಟ್ಟವನ್ನು ಅವಳು ಸಣ್ಣ ಗೇರಿನಲ್ಲಿ ನಿಧಾನಕ್ಕೆ ಇಳಿದಳು. ಅಂಕೋಲಾದಲ್ಲಿ ಗಾಳಿಗೆ ಉಪ್ಪಿನ ವಾಸನೆ ಬಂತು. ಭಟ್ಕಳ, ಶಿರೂರು, ಬೈಂದೂರು. ಬೈಂದೂರಿನಲ್ಲಿ ಅವಳು ಮೀನು ಹಾಕುವ ಅಂಗಡಿಯ ಜಲಜ ಹೊರಗೆ ನಿಂತಿದ್ದವಳು ಅಷ್ಟೆತ್ತರದಲ್ಲಿ ಸುಗುಣಳ ಮುಖ ಕಂಡು ಬಾಯಿ ತೆರೆದಳು. ಸುಗುಣ ಒಂದು ಹಾರ್ನ್ ಹೊಡೆದು ಮುಂದೆ ಹೋದಳು. ಮರವಂತೆಯಲ್ಲಿ ಸಮುದ್ರ ಶಾಂತವಾಗಿತ್ತು. ತಲ್ಲೂರು ಮುಟ್ಟಿದಾಗ ಇನ್ನೂ ಬಿಸಿಲಿತ್ತು.

ಜನ ಸೇರಿದರು. ಗಾಡಿ ಕೆಟ್ಟಿತಾ, ಪೊಲೀಸರು ಹಿಡಿದರಾ, ಈಗ ಇದಕ್ಕೆ ಎಷ್ಟು ಸಿಕ್ಕೀತು ಎಂದು ಕೇಳಿದರು. ಎಲ್ಲಿ ಮಲಗಿದೆ, ಯಾರ ಹತ್ತಿರ ಮಾತನಾಡಿದೆ ಎಂದು ಯಾರೂ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹಾಸಿಗೆಯನ್ನು ಬಿಸಿಲಿಗೆ ಹಾಕುತ್ತಿದ್ದಾಗ ದಿವ್ಯಾ ಕೇಳಿದಳು. "ಅಮ್ಮ, ಶಾಂತಾತಾಯಿ ಸಿಕ್ಕಿದ್ರಾ? ಬಲ್ಬೀರ್ ಸಿಂಗ್?"

"ಇಲ್ಲ ಮಗ. ಅಪ್ಪಯ್ಯಂಗೆ ದಾರಿಯಗೆ ಯಾರೂ ಇರ್ಲಿಲ್ಲೆ."

ದಿವ್ಯಾ ತಾಯಿಯ ಕಡೆ ತಿರುಗಿದಳು. "ಹಂಗಾರೆ ಹೇಳದ್ದೆಲ್ಲ ಸುಳ್ಳಾ?"

"ಒಬ್ಬನೇ ಇದ್ದೆ ಅಂದಿದ್ರೆ ನಾನ್ ಹೋಪುಕೆ ಬಿಡ್ತಿದ್ನಾ?" ಎಂದಳು ಸುಗುಣ. ಹಾಸಿಗೆಯ ಧೂಳು ಕೊಡವುತ್ತ, "ನಂಗ್ ಬೇಜಾರ್ ಆಗ್ಬಾರ್ದ್ ಅಂದ್ಹೇಳಿ ಮಾಡದ್ದ್," ಎಂದಳು. ಇಬ್ಬರೂ ಹಾಸಿಗೆಯ ಒಂದೊಂದು ತುದಿ ಹಿಡಿದು ಮಗುಚಿ ಹಾಕಿದರು.

ಆ ಮಳೆಗಾಲವಿಡೀ ಲಾರಿ ಅಂಗಳದ ಹೊರಗೆ ನಿಂತಿತ್ತು. ಸುಗುಣ ಆಗಾಗ ಹತ್ತಿ ಇಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಕೂತು ಇಳಿಯುತ್ತಿದ್ದಳು. ಬಂದರು ಮತ್ತೆ ತೆರೆದ ಮೇಲೆ ಬ್ರಹ್ಮಾವರದ ಒಬ್ಬರು ಕೊಳ್ಳಲು ಒಪ್ಪಿದರು. ಅವಳೇ ಓಡಿಸಿಕೊಂಡು ಹೋಗಿ ಅವರ ಅಂಗಳದಲ್ಲಿ ನಿಲ್ಲಿಸಿ, ಕ್ಲಚ್ ಸ್ವಲ್ಪ ಗಟ್ಟಿ ಎಂದು ಹೇಳಿ, ಕೀಲಿ ಕೊಟ್ಟು, ಕುಂದಾಪುರದ ಬಸ್ಸು ಹತ್ತಿದಳು.

ಪಕ್ಕದಲ್ಲಿ ಅವಳದೇ ವಯಸ್ಸಿನ ಹೆಂಗಸೊಬ್ಬಳು ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡು ಕೂತಿದ್ದಳು. ಗುರುತಿಲ್ಲ.

"ಎಲ್ಲಿಗ್ ಹೋಯ್ ಬಂದದ್ದ್?" ಎಂದು ಆಕೆ ಸಹಜವಾಗಿ ಕೇಳಿದಳು.

"ಲಾರಿ ಕೊಟ್ಟ್ ಬಂದೆ," ಎಂದಳು ಸುಗುಣ. ಆಕೆಗೆ ಅದು ಸರಿಯಾಗಿ ಕೇಳಿಸಲಿಲ್ಲವೇನೋ, ಇವಳ ಕಡೆ ತಿರುಗಿ ಕೂತಳು. ಸುಗುಣ ಹೇಳತೊಡಗಿದಳು. ಯಾರ್ಡಿನ ಧೂಳು, ಮುಂದಕ್ಕೆ ಎಳೆಯಲಾಗದ ಸೀಟು, ಸುಧೀರನ ವಾಂತಿ. ಹೆಂಗಸು ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಧಾಬಾದ ಬೋರ್ಡಿನ ತನಕ ಬರುವಾಗ ಕಂಡಕ್ಟರ್ "ಕೋಟ, ಕೋಟ" ಎಂದು ಕೂಗಿದ. ಹೆಂಗಸು ಚೀಲ ಎತ್ತಿಕೊಂಡು ಎದ್ದಳು, ಎದ್ದು ಅಲ್ಲೇ ನಿಂತಳು.

"ಬಲ್ಬೀರ್ ಸಿಂಗ್ ಎಂತ ಹೇಳ್ದ ಮತ್ತೆ?"

"ಅದ್ ದೊಡ್ಡ ಕತಿ," ಎಂದಳು ಸುಗುಣ. "ನೀವ್ ಇಳೀರಿ, ಬಸ್ಸ್ ಹೊರ್ಡತ್ತ್."