ಹಗೇವಿನ ಬಿಸುಪು

ಬೆರಳಿನ ಬಿರುಕುಗಳಲ್ಲೆಲ್ಲ ಹಿಪ್ಪುನೇರಳೆ ಸೊಪ್ಪಿನ ಕರೆ ಕಪ್ಪಗೆ ಕೂತಿರುತ್ತಿತ್ತು. ಪಕ್ಕದ ಮನೆಯ ದೊಡ್ಡವ್ವನ ರೇಷ್ಮೆಹುಳು ಚಳಿಯಲ್ಲೂ ಕೆಡದಿದ್ದದ್ದು ಆಕೆಯ ಆ ಕೈಗಳ ಗುಣದಿಂದ ಎಂದು ಮುಳ್ಳೂರಿನಲ್ಲಿ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೈಗುಣವೇ ಆಗಿದ್ದರೆ ಪುಷ್ಯಮಾಸ ಬಂದೊಡನೆ ಆಕೆ ಹಿತ್ತಿಲಿನ ಹಳೆಯ ಹಗೇವಿಗೆ ಇಳಿಯುತ್ತಿದ್ದದ್ದೇಕೆ?

ಅದು ರಾಗಿ ತುಂಬಿಡಲು ನೆಲದೊಳಗೆ ತೋಡಿದ, ಆಳೆತ್ತರಕ್ಕೂ ಮಿಗಿಲಾದ ಗುಂಡಿ. ರಾಗಿ ಖಾಲಿಯಾದ ಮೇಲೆ ಬಾಯಿ ಅಗಲ ಮಾಡಿಸಿ, ಒಳಗೆ ಬಿದಿರಿನ ಅಟ್ಟಣೆ ಕಟ್ಟಿಸಿದ್ದಳು. ಹಿಡಿಯುತ್ತಿದ್ದದ್ದು ಎಂಟೇ ತಟ್ಟೆ. ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುವಳು; ಅದು ಆರದಿದ್ದರೆ ಒಳಗಿನ ಗಾಳಿ ಕೆಟ್ಟಿಲ್ಲವೆಂದು ತಾನು ಇಳಿಯುವಳು. ಮುಂಗೈಯನ್ನು ಮಣ್ಣಿನ ಗೋಡೆಗೊತ್ತಿ "ಬೆಚ್ಚಗೈತೆ" ಎಂದ ಮೇಲೆಯೇ ಮರಿಹುಳುಗಳ ತಟ್ಟೆ ಒಳಗೆ ಹೋಗಬೇಕು.

ನಾನಾಗ ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಚರ್ಚಾಸ್ಪರ್ಧೆ ಗೆಲ್ಲುತ್ತಿದ್ದವನು.

"ಬ್ಯಾಸ್ಗೇಲಿ ಇದೇ ಹಗೇವು ತಣ್ಣಗೈತೆ ಅಂತೀಯ, ಈಗ ಬೆಚ್ಚಗೈತೆ ಅಂತೀಯ. ಎರಡ್ರಲ್ಲಿ ಒಂದು ಸುಳ್ಳು, ದೊಡ್ಡವ್ವ."

"ನೆಲ ಯಾವಾಗ್ಲೂ ಒಂದೇ ಹದ ಕಣ್ಲಾ. ಮ್ಯಾಲಿನ ಗಾಳಿ ಬದಲಾಯ್ತದೆ, ಅಷ್ಟೆ. ಇಳ್ದು ನೋಡು ಬಾ."

ಇಳಿಯಲಿಲ್ಲ. ಬಹುಮಾನ ಗೆದ್ದವನು ಗುಂಡಿಗೆ ಇಳಿಯುವುದೆ? ಶಾಖ ಬೇಕೆಂದರೆ ಬೆಂಕಿಯೇ ಬೇಕು ಎಂದು ಅವ್ವನನ್ನು ಒಪ್ಪಿಸಿ, ನಮ್ಮ ಹುಳುಮನೆಯ ಕಿಟಕಿ ಮುಚ್ಚಿ ಇದ್ದಿಲ ಕೆಂಡ ಇರಿಸಿದೆ. ಬೆಳಗಾಗುವಷ್ಟರಲ್ಲಿ ಅರ್ಧ ಹುಳು ಸತ್ತಿದ್ದವು. ಉಳಿದವು ಸೊಪ್ಪು ಮುಟ್ಟದೆ ಮುದುಡಿದ್ದವು. ಅಪ್ಪ ಹೋದ ಮೇಲೆ ಅವ್ವ ಒಬ್ಬಳೇ ನಿಂತು ಎತ್ತಿದ ಮೊದಲ ಬೆಳೆ ಅದು.

ದೊಡ್ಡವ್ವ ಬಾಗಿಲಲ್ಲಿ ನಿಂತು ನೋಡಿದಳು. "ವಾದದಲ್ಲಿ ನೀನೇ ಗೆದ್ದೆ ಬುಡ್ಲಾ. ಹುಳಕ್ಕೆ ಅದನ್ನ ಹೇಳೋರು ಯಾರು?" ಎಂದವಳೇ ನಮ್ಮಲ್ಲಿ ಉಳಿದಿದ್ದ ನಾಲ್ಕು ತಟ್ಟೆಗಳನ್ನು ಎರಡು ಸಲಕ್ಕೆ ಹೊತ್ತೊಯ್ದಳು.

ಮಾರನೆಯ ಬೆಳಿಗ್ಗೆ ಸೊಪ್ಪು ಹಾಕಲು ನಾನೇ ಇಳಿದೆ. ಮೇಲೆ ಹಲ್ಲು ಕಟಕಟಿಸುವ ಚಳಿ. ಕೆಳಗೆ ಗೋಡೆಗೆ ಕೆನ್ನೆಯೊತ್ತಿದರೆ, ಮಲಗಿದ ಹಸುವಿನ ಮೈಗೆ ಒತ್ತಿದಂತಿತ್ತು. ಎರಡು ದಿನದಲ್ಲಿ ಹುಳುಗಳು ಪೊರೆ ಬಿಟ್ಟು ಎದ್ದು ಸೊಪ್ಪಿಗೆ ಬಾಯಿ ಹಾಕಿದವು. ಆ ಚರಚರ ಸದ್ದಿಗೆ ಅವ್ವ ಹಗೇವಿನ ಬಾಯಲ್ಲಿ ಕೂತು ನಕ್ಕಳು. ಅವಳ ನಗು ಕೇಳಿ ಬಹಳ ದಿನವಾಗಿತ್ತು.

ಈಗ ನಮ್ಮ ಬೀದಿಯ ಐದು ಹಗೇವುಗಳಲ್ಲಿ ಮರಿಹುಳು ಬೆಳೆಯುತ್ತಿವೆ, ಆರನೆಯದನ್ನು ತೋಡುತ್ತಿದ್ದಾರೆ. ಅದನ್ನು ನೋಡಲು ದೊಡ್ಡವ್ವ ಇಲ್ಲ. ಹೋದ ಯುಗಾದಿಗೆ ಮುಂಚೆ, ಹಾಸಿಗೆ ಹಿಡಿದಿದ್ದ ಆಕೆಯನ್ನು ಒಂದೇ ಒಂದು ಮಾತು ಕೇಳಿದ್ದೆ. ಆಕೆ ನನ್ನ ಮುಂಗೈ ಹಿಡಿದು ಬಿಸುಪು ನೋಡಿದಳು.

"ಹಗೇವು ಹಿಡೀತಿದ್ದದ್ದೇ ಎಂಟು, ನಿನ್ನವೇ ಎಂಟಿದ್ವು. ನಮ್ಮ ನಾಲ್ಕು ಇಳಿಸೋಕೆ ನಿನ್ನ ನಾಲ್ಕನ್ನ ಚಳಿಗೆ ಎತ್ತಿಟ್ಟೆಯಾ, ದೊಡ್ಡವ್ವ?"