ನನ್ನ ಮಂಚದ ಹಿಂದಿನ ಗೋಡೆ

ಫ್ರೆಂಡ್ಸ್, ಇವತ್ತು ಮಧ್ಯಾಹ್ನ ರಾಯಚೂರಿನ ನಮ್ಮ ಹಾಸ್ಟೆಲ್ಲಿನ ಕಲ್ಲುಗೋಡೆಯ ಬಿರುಕು ನೋಡಲು ದೇವದುರ್ಗದಿಂದ ಮುದುಕ ಗೌಂಡಿಯೊಬ್ಬ ಬಂದಿದ್ದ. ಕಣ್ಣು ಮಂಜು. ಗಾರೆ ಮೆತ್ತುವ ಕರಣಿಯ ಹಿಡಿಯಿಂದ ಒಂದೊಂದೇ ಕಲ್ಲು ಬಡಿದು ಕೇಳುತ್ತ ಬಂದವನು ನನ್ನ ಮಂಚದ ಹತ್ತಿರ ನಿಂತುಬಿಟ್ಟ.

"ಇಲ್ಲಿ ಯಾರು ಮಲಗ್ತೀರಿ? ಕಿವಿ ಹಚ್ಚಿ ಕೇಳು ಯಪ್ಪಾ."

ಹಚ್ಚಿದೆ. ಗೋಡೆಯೊಳಗೆ ಯಾರೋ ಜರಡಿ ಹಿಡಿದಂತೆ ಮಣ್ಣು ಮೆಲ್ಲಗೆ ಉದುರುತ್ತಿತ್ತು. ಹೊರಗೆ ಒಂದು ಕಣವೂ ಬಿದ್ದಿರಲಿಲ್ಲ.

"ಸಿಮೆಂಟ್ ಮೆತ್ತಿ ಮುಚ್ಚೋ ಮುದುಕಾ" ಎಂದರು ವಾರ್ಡನ್.

"ಮ್ಯಾಲ ಮುಚ್ಚಿದ್ರ ಒಳಗಿನ ಮಣ್ಣು ನಿಲ್ತದೇನ್ರೀ? ಕಲ್ಲು ಬಿಚ್ಚಿ ಮತ್ತ ಕೂಡಿಸಬೇಕು. ನನ್ನ ಕೈ ನಡಗ್ತಾವ. ಈ ಕೆಲಸ ಬಲ್ಲ ಇಬ್ಬರು ಗೌಂಡಿಗಳು ಮಾನ್ವಿ ಊರಾಗ ಇದ್ರು, ಅವರೂ ದುಡಿಯಾಕ ಮಸ್ಕತ್ತಿಗೆ ಹ್ವಾದ್ರು."

"ಈ ಹುಡುಗ ಸಿವಿಲ್ ಇಂಜಿನಿಯರಿಂಗ್ ಓದಾಕತ್ತಾನಲ್ಲ!" ವಾರ್ಡನ್ ನನ್ನನ್ನು ತೋರಿಸಿದರು.

ಮುದುಕ ನಗಲಿಲ್ಲ. ಕರಣಿಯನ್ನು ನನ್ನ ಕೈಗಿಟ್ಟ. "ಹಂಗಾದ್ರ ಮಾಡು."

ಅದನ್ನು ಹಿಡಿಯುವುದು ಹೇಗೆಂದೇ ನನಗೆ ಗೊತ್ತಿರಲಿಲ್ಲ. ನಮ್ಮ ಸಿಲೆಬಸ್ಸಿನಲ್ಲಿ ಗೋಡೆಯ ಡ್ರಾಯಿಂಗ್ ಮಾತ್ರ ಇದೆ.

"ಸರ್, ರೂಮಾದ್ರೂ ಬದಲಿ ಕೊಡ್ರಿ" ಎಂದು ಬೇಡಿಕೊಂಡೆ. ಸಂಜೆಯೊಳಗೆ ವಾರ್ಡನ್ ಕ್ರಮ ಕೈಗೊಂಡರು. ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ: ವಿದ್ಯಾರ್ಥಿಗಳು ಗೋಡೆಗೆ ಕಿವಿ ಹಚ್ಚಬಾರದು.