ಸಬ್ಬಸಿಗೆಯ ತೇಗು

ದೆವ್ವ, ಗಾಳಿ, ಮೈಮೇಲೆ ಬರುವ ದೇವರು, ಇವು ಯಾವುದನ್ನೂ ನಾನು ನಂಬಿದವನಲ್ಲ. ಯಾರಾದರೂ ಅಂಥ ಕಥೆ ತೆಗೆದರೆ ಒಮ್ಮೆ ಕೆಮ್ಮಿ ಎದ್ದುಹೋಗುತ್ತಿದ್ದೆ. ಈಗ ಕುಳಿತು ಕೇಳುತ್ತೇನೆ. ಕಾರಣ ಒಂದು ತೇಗು. ನಗುವುದಾದರೆ ಪೂರ್ತಿ ಓದಿ ನಗಿ.

ಎಂಬತ್ತರ ದಶಕದ ಒಂದು ಚಳಿಗಾಲ. ಚಿಲಮತ್ತೂರಿನ ರಸ್ತೆಯಲ್ಲಿ ಎಮ್ಮೆಯೊಂದಕ್ಕೆ ದಾರಿ ಬಿಡಲು ಹೋಗಿ ಸ್ಕೂಟರಿನಿಂದ ಬಿದ್ದೆ. ಎಮ್ಮೆಗೆ ಏನೂ ಆಗಲಿಲ್ಲ. ನನ್ನ ಕೆಳದವಡೆ ಮುರಿಯಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ತಂತಿ ಬಿಗಿದು, ಹಿಂದೂಪುರದ ಮನೆಗೆ ಕಳಿಸಿದರು. ಏನಾದರೂ ಅಗಿದರೆ ದವಡೆ ಸೊಟ್ಟಗೆ ಕೂಡುತ್ತದೆ, ಮತ್ತೆ ಮುರಿದು ಜೋಡಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನನ್ನ ಹೆಂಡತಿ ಸರೋಜ ವೇದವಾಕ್ಯದಂತೆ ಹಿಡಿದಿದ್ದಳು. ಊಟಕ್ಕೆ ತೆಳ್ಳಗಿನ ರಾಗಿ ಗಂಜಿ, ಮಾತಿಗೆ ಮಗಳ ಸ್ಲೇಟು.

ಒಂದು ಮಧ್ಯಾಹ್ನ ಮಲಗಿದ್ದವನಿಗೆ ಇದ್ದಕ್ಕಿದ್ದಂತೆ ಹೊಟ್ಟೆ ತುಂಬಿತು. ಗಂಜಿ ಕುಡಿದಾಗ ತುಂಬುವಂತೆ ಅಲ್ಲ, ಮದುವೆಮನೆಯಲ್ಲಿ ಎರಡನೇ ಸಲ ಬಡಿಸಿಕೊಂಡಾಗ ತುಂಬುವಂತೆ. ಹಿಂದೆಯೇ ತಂತಿಗಳನ್ನೆಲ್ಲ ನಡುಗಿಸುತ್ತ ಒಂದು ತೇಗು ಹೊರಟಿತು. ಕೋಣೆಯ ತುಂಬ ಅವರೆಬೇಳೆ ಸಾರಿನ, ಅದರಲ್ಲೂ ಸಬ್ಬಸಿಗೆ ಸೊಪ್ಪಿನ ವಾಸನೆ. ಸರೋಜಳಿಗೆ ಸಬ್ಬಸಿಗೆ ಆಗದು. ಅವಳು ಬಂದಮೇಲೆ ಆ ಸೊಪ್ಪು ನಮ್ಮ ಹೊಸ್ತಿಲು ದಾಟಿದ್ದಿಲ್ಲ.

ಅವಳು ಬಾಗಿಲಲ್ಲಿ ಬಂದು ನಿಂತಳು. "ಯಾರ್ರೀ ತಂದ್ಕೊಟ್ಟೋರು?"

ನಾನು ಸ್ಲೇಟಿನಲ್ಲಿ 'ತಿಂದಿಲ್ಲ' ಎಂದು ಬರೆದೆ.

"ಸ್ಲೇಟು ಸುಳ್ಳು ಹೇಳ್ಬೋದು. ತೇಗು ಹೇಳಲ್ಲ."

ಟಾರ್ಚು ತಂದು, ತುಟಿ ಸರಿಸಿ ಪರಿಶೀಲಿಸಿದಳು. ಒಂದು ತಂತಿಯೂ ಸಡಿಲವಾಗಿರಲಿಲ್ಲ. ಆದರೆ ಎಡಗಡೆಯ ಸಂದಿನಿಂದ ಹೇರ್‌ಪಿನ್ನಿನಲ್ಲಿ ಅವಳು ಎಳೆದು ತೆಗೆದದ್ದು ಸಬ್ಬಸಿಗೆಯ ಒಂದು ಹಸಿರು ಎಳೆ. ಅದನ್ನು ಸಾಸರಿನಲ್ಲಿಟ್ಟು ಇಬ್ಬರೂ ನೋಡಿದೆವು. ನನ್ನ ಹಲ್ಲುಗಳ ಶೀಲ ಮಣ್ಣುಪಾಲಾಗಿತ್ತು.

"ಇನ್ನ ಸಾಕು. ನಾಳೆ ಬೆಂಗ್ಳೂರಿಗೆ ನಡೀರಿ. ಇನ್ನೊಂದ್ಸಲ ಮುರಿಬೇಕಂದ್ರೆ ಮುರೀಲಿ!"

ನಾನು ಸ್ಲೇಟಿನ ಮೇಲಿದ್ದ 'ತಿಂದಿಲ್ಲ' ಎನ್ನುವುದನ್ನೇ ಇನ್ನಷ್ಟು ದಪ್ಪಗೆ ತಿದ್ದಿದೆ.

ಸಂಜೆ ಕಲ್ಯಾಣದುರ್ಗದ ಬಸ್ಸಿನಲ್ಲಿ ನನ್ನ ಅಕ್ಕ ಬಂದಳು. ಬಂದವಳೇ ನನ್ನ ತಲೆ ಸವರಿ, "ಏನ್ಲಾ, ಹೊಟ್ಟೆ ತುಂಬ್ತಾ?" ಅಂದಳು.

ಸರೋಜ ಗಕ್ಕನೆ ತಿರುಗಿದಳು. "ಅಕ್ಕಾ, ಸಾರು ಯಾರ ಕೈಲಿ ಕಳ್ಸಿದ್ರಿ?"

"ಯಾರ ಕೈಲೂ ಇಲ್ಲ ಕಣಮ್ಮ. ಬಾಯಿ ಕಟ್ಟಾಕವ್ರೆ ಪಾಪ ಅಂತ ಮಧ್ಯಾನ್ನ ಇವನ ಹೆಸ್ರಲ್ಲಿ ಇನ್ನೊಂದು ಎಲೆ ಹಾಕಿದ್ದೆ. ಅವರೆಬೇಳೆ ಸಾರು, ಸಬ್ಬಸಿಗೆ ಜೋರಾಗೇ ಬಿದ್ದಿತ್ತು. ಯಾರಾದ್ರೂ ಉಣ್ಬೇಕಲ್ಲ, ನಾನೇ ಉಂಡ್ಬುಟ್ಟು ಬಸ್ ಹತ್ತಿದೆ."

"ಹೆಸರು ಹೇಳಿ ಎಲೆ ಹಾಕೋದು ಸತ್ತೋರಿಗಲ್ವಾ?"

"ಸತ್ತೋರಿಗಾದ್ರೆ ಕಾಗೆ ಕರೀಬೇಕು. ಬದುಕಿರೋನಿಗೆ ಅಕ್ಕ ಸಾಲ್ದಾ?"

ಸರೋಜ ಸಾಸರನ್ನು ಒಮ್ಮೆ, ಅಕ್ಕನನ್ನು ಒಮ್ಮೆ ನೋಡಿದಳು. ಬೆಂಗಳೂರಿನ ಮಾತು ಮತ್ತೆ ಎತ್ತಲಿಲ್ಲ. ಅಕ್ಕ ಹೊರಡುವಾಗ ಮಾತ್ರ, "ಇನ್ಮೇಲೆ ಸಬ್ಬಸಿಗೆ ಬ್ಯಾಡಕ್ಕಾ, ಪಕ್ಕದಲ್ಲಿ ಮಲಗೋಳು ನಾನು" ಎಂದು ಕೈಮುಗಿದಳು.

ದವಡೆ ನೇರವಾಗಿಯೇ ಕೂಡಿತು. ತಂತಿ ತೆಗೆಯುವಾಗ ಸರೋಜ ಕೇಳಿದ್ದಕ್ಕೆ, ಆಪರೇಷನ್ನಿಗೆ ಮೊದಲು ತಿಂದದ್ದು ಸಂದಿನಲ್ಲಿ ಉಳಿದಿರಬೇಕು ಎಂದರು ಡಾಕ್ಟರು. ಸೊಪ್ಪು ಅಷ್ಟು ದಿನ ಹಸಿರಾಗಿರುತ್ತದೆಯೇ ಎಂದು ನಾನು ಕೇಳಬೇಕೆಂದಿದ್ದೆ. ಆಗ ಅವರ ಇಕ್ಕಳ ನನ್ನ ಬಾಯಲ್ಲಿತ್ತು.

ಈಗ ಅಕ್ಕನಿಗೆ ಒಂದೂ ಹಲ್ಲಿಲ್ಲ. ಹೋದ ದೀಪಾವಳಿಗೆ, ಸರೋಜಳಿಗೂ ಹೇಳದೆ, ತಟ್ಟೆಯಲ್ಲಿ ಒಂದು ಚಕ್ಕುಲಿ ಹೆಚ್ಚಿಗೆ ಇಟ್ಟುಕೊಂಡು, ಮನಸ್ಸಿನಲ್ಲೇ ಅಕ್ಕನ ಹೆಸರು ಹೇಳಿ ಕಡಿದೆ. ಹಬ್ಬ ಕಳೆದು ಅವಳನ್ನು ನೋಡಲು ಕಲ್ಯಾಣದುರ್ಗಕ್ಕೆ ಹೋದರೆ, ನಾನಿನ್ನೂ ಚಪ್ಪಲಿ ಬಿಡುವ ಮೊದಲೇ, "ಚಕ್ಕುಲಿಗೆ ಓಮ ಜಾಸ್ತಿ ಆಗಿತ್ತು ಕಣ್ಲಾ" ಅಂದಳು.

ಆಗಿತ್ತು.